ಸೊಂಟಕ್ಕೆ ಸೀಸ, ಎದೆಯಲ್ಲಿ ಉಸಿರು: ಜಾಕೆಟ್ ಇಲ್ಲದ ಕಾಲದ ಮುಳುಗುಗಾರರು

ಬಾವಿಯಲ್ಲಿ ಈಜು ಕಲಿತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎದೆ ತುಂಬ ಉಸಿರೆಳೆದು ಅಂಗಾತ ಮಲಗಿದರೆ ಮೈ ತೇಲುತ್ತದೆ. ಉಸಿರು ಬಿಟ್ಟರೆ ಮೊದಲು ಕಾಲು, ಆಮೇಲೆ ಸೊಂಟ ಮೆಲ್ಲಗೆ ಇಳಿಯುತ್ತದೆ. ಸೋರೆಬುರುಡೆಯನ್ನೋ ಖಾಲಿ ಕ್ಯಾನನ್ನೋ ಕಟ್ಟಿಕೊಂಡವರು ಮುಳುಗುವುದೇ ಇಲ್ಲ. ಗಾಳಿ ಸಿಲಿಂಡರ್ ಹೊತ್ತು ಸಮುದ್ರಕ್ಕಿಳಿದ ಮೊದಲ ತಲೆಮಾರಿನವರು ನಂಬಿದ್ದು ಹೆಚ್ಚುಕಡಿಮೆ ಇದೇ ವಿದ್ಯೆಯನ್ನು. ಅವರಿಗೆ ಬುರುಡೆಯೂ ಇರಲಿಲ್ಲ.

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿ ಬಂದವರ ವಿಡಿಯೊಗಳನ್ನು ನೀವು ಫೋನಿನಲ್ಲಿ ನೋಡಿರಬಹುದು. ಅವರು ತೊಟ್ಟಿರುವ ಜಾಕೆಟ್ಟನ್ನು ಗಮನಿಸಿ. ಒಂದು ಗುಂಡಿ ಒತ್ತಿದರೆ ಸಿಲಿಂಡರಿನ ಗಾಳಿ ಅದರೊಳಗೆ ತುಂಬಿ ಮೈ ಏಳುತ್ತದೆ, ಇನ್ನೊಂದು ಒತ್ತಿದರೆ ಗಾಳಿ ಹೊರಹೋಗಿ ಮೈ ಇಳಿಯುತ್ತದೆ. ಹೊಸಬರ ಪರವಾಗಿ ಆ ಗುಂಡಿಗಳನ್ನು ತರಬೇತುದಾರರೇ ಒತ್ತುತ್ತಾರೆ. ಸ್ಕೂಬಾ ಶುರುವಾದ ಮೇಲೆ ಸುಮಾರು ಮೂರು ದಶಕ ಈ ಜಾಕೆಟ್ಟೇ ಇರಲಿಲ್ಲ.

ಕತೆ ಆರಂಭವಾಗುವುದು ಎರಡನೇ ಮಹಾಯುದ್ಧದ ಫ್ರಾನ್ಸಿನಲ್ಲಿ. ದೇಶ ಜರ್ಮನರ ಕೈಯಲ್ಲಿತ್ತು, ಪೆಟ್ರೋಲ್ ಸಿಗುತ್ತಿರಲಿಲ್ಲ. ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಎಮಿಲ್ ಗಾನ್ಯಾ ಎಂಬ ಎಂಜಿನಿಯರ್ ಒಂದು ವಾಲ್ವ್ ಮಾಡಿದ್ದರು. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ಅವರಿಗೆ ಬೇಕಿದ್ದದ್ದೂ ಅಂಥದ್ದೇ: ಉಸಿರೆಳೆದಾಗ ಮಾತ್ರ, ಎಷ್ಟು ಬೇಕೋ ಅಷ್ಟೇ ಗಾಳಿ ಕೊಡುವ ಸಾಧನ. ಇಬ್ಬರೂ ಸೇರಿ ಅದನ್ನು ನೀರಿಗೆ ಒಗ್ಗಿಸಿದರು.

1943ರ ಜೂನಿನಲ್ಲಿ, ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಕುಸ್ತೊ ಸಮುದ್ರಕ್ಕಿಳಿದರು. ಹೆಂಡತಿ ಸಿಮೋನ್ ನೀರಿನ ಮೇಲೆ ತೇಲುತ್ತ ಅವರನ್ನೇ ನೋಡುತ್ತಿದ್ದರು. ಏನಾದರೂ ಆದರೆ ಹಾರಲು ಗೆಳೆಯ ಫ್ರೆಡೆರಿಕ್ ದ್ಯುಮಾ ದಡದಲ್ಲಿ ಸಿದ್ಧರಿದ್ದರು. ಬೆನ್ನಿನ ಸಲಕರಣೆಯ ತೂಕ ನೆಲದ ಮೇಲೆ 50 ಪೌಂಡ್. ಆದರೆ ನೀರಿನಲ್ಲಿ ಅದು ಕೊಂಚ ತೇಲುವಂತೆ ಮಾಡಿದ್ದರು. ಕುಸ್ತೊ ಮುಳುಗಲಿಲ್ಲ. ಸೊಂಟಕ್ಕೆ 7 ಪೌಂಡ್, ಅಂದರೆ ಸುಮಾರು 3 ಕೆಜಿ ಸೀಸ ಕಟ್ಟಿದ ಮೇಲೆ ಮೆಲ್ಲಗೆ ತಳ ಸೇರಿದರು.

ಈ 3 ಕೆಜಿಯ ಲೆಕ್ಕದಲ್ಲೇ ಎಲ್ಲ ಇದ್ದದ್ದು. ಮನುಷ್ಯ ಎದೆ ತುಂಬ ಉಸಿರೆಳೆದರೆ ಮೂರು ಲೀಟರಿನಷ್ಟು ಗಾಳಿ ಒಳಗೆ ಹೋಗುತ್ತದೆ, ಮೈ ಮೂರು ಕೆಜಿಯಷ್ಟು ಹಗುರಾಗುತ್ತದೆ. ಸೀಸ ಸರಿಯಾಗಿದ್ದರೆ ಉಸಿರೊಂದರಿಂದಲೇ ಏಳಬಹುದು, ಇಳಿಯಬಹುದು, ನಡುನೀರಿನಲ್ಲಿ ನಿಲ್ಲಬಹುದು. ಆದರೆ ಸಿಲಿಂಡರಿನ ಗಾಳಿಗೂ ತೂಕವಿದೆ. ಇಂದಿನ ಸಾಮಾನ್ಯ 12 ಲೀಟರಿನ ಸಿಲಿಂಡರಿನಲ್ಲಿ ಗಾಳಿಯೇ ಹತ್ತಿರಹತ್ತಿರ 3 ಕೆಜಿ. ಅದು ಖಾಲಿಯಾದ ಹಾಗೆ ಮೈ ಹಗುರಾಗುತ್ತ ಹೋಗುತ್ತದೆ. ಹಾಗಾಗಿ ಕೊನೆಯಲ್ಲಿ ತೂಕ ಸರಿಹೋಗುವಂತೆ ಸೀಸ ಕಟ್ಟಿಕೊಂಡು, ಶುರುವಿನಲ್ಲಿ ಭಾರವಾಗಿಯೇ ಇಳಿಯಬೇಕು. ಆ ಭಾರವನ್ನು ತಡೆಯಲು ಕಾಲಿನ ರಬ್ಬರ್ ಫಿನ್ ಬಡಿಯುವುದೊಂದೇ ದಾರಿ.

ಅದೇ ವರ್ಷದ ಅಕ್ಟೋಬರಿನಲ್ಲಿ ದ್ಯುಮಾ ಮಾರ್ಸೇ ಊರಿನ ಹತ್ತಿರ ಗಂಟು ಹಾಕಿದ ಹಗ್ಗ ಹಿಡಿದು ಆಳಕ್ಕಿಳಿದರು. ಆಳದ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ಹೆಂಡದಂತೆ ತಲೆಗೇರುತ್ತದೆ. ಅಮಲಿನಲ್ಲೇ ದ್ಯುಮಾ ಸೊಂಟದ ಸೀಸದ ಬೆಲ್ಟ್ ಬಿಚ್ಚಿ ತಾನು ತಲುಪಿದ ಜಾಗದ ಗುರುತಿಗೆ ಹಗ್ಗಕ್ಕೆ ಕಟ್ಟಿ ಮೇಲೆ ಬಂದರು. 100 ಅಡಿಯೂ ಇಳಿದಿಲ್ಲ ಅಂದುಕೊಂಡಿದ್ದರು. ಹಗ್ಗ ಎಳೆದು ನೋಡಿದರೆ ಬೆಲ್ಟ್ ಇದ್ದದ್ದು 210 ಅಡಿಯಲ್ಲಿ. ಬಿಚ್ಚಿದ್ದು ಗುರುತಿಗೆ ನಿಜ. ಆದರೂ ಅಂಥ ಅಮಲಿನಲ್ಲಿದ್ದವರಿಗೆ ಮೈ ಹಗುರಾದದ್ದು ಎಷ್ಟು ನೆರವಾಯಿತೋ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಆಗಿನ್ನೂ ಅವರ ಮೈಮೇಲೆ ಈಗಿನಂಥ ದಪ್ಪ ಉಡುಪಿರಲಿಲ್ಲ. ತೊಡಕು ಹೆಚ್ಚಿದ್ದು ಚಳಿಗೆ ಪರಿಹಾರ ಸಿಕ್ಕ ಮೇಲೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಗಾಳಿಗುಳ್ಳೆ ತುಂಬಿದ ರಬ್ಬರಿನ ಉಡುಪು ರೂಪಿಸಿದರು. ಮೈ ಬೆಚ್ಚಗಿರುವುದು ಆ ಗುಳ್ಳೆಗಳಿಂದ. ತೇಲುವುದೂ ಅವುಗಳಿಂದಲೇ, ಹಾಗಾಗಿ ಮುಳುಗಲು ಇನ್ನಷ್ಟು ಸೀಸ ಬೇಕು. ಆದರೆ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, 30 ಮೀಟರಿನಲ್ಲಿ ನಾಲ್ಕು ಪಟ್ಟು. ಗುಳ್ಳೆಗಳು ಅಪ್ಪಚ್ಚಿಯಾಗಿ ಉಡುಪು ತೇಲಿಸುವುದನ್ನೇ ಬಿಡುತ್ತದೆ. ಸೀಸ ಮಾತ್ರ ಅಷ್ಟೇ ಇರುತ್ತದೆ. ಮೇಲೆ ಹಗುರಾಗಿದ್ದ ಮನುಷ್ಯ ಆಳದಲ್ಲಿ ಕಲ್ಲಾಗುತ್ತಾನೆ.

ಆಗ ಏನು ಮಾಡುವುದು? ಫಿನ್ ಬಡಿಯುತ್ತ ಮೇಲೇರಬೇಕು. ದಣಿದಷ್ಟೂ ಗಾಳಿ ಬೇಗ ಮುಗಿಯುತ್ತದೆ. ಕೊನೆಯ ಉಪಾಯ ಬೆಲ್ಟ್ ಬಿಸಾಡುವುದು. ಅದಕ್ಕೆಂದೇ ಅದನ್ನು ಒಂದೇ ಕೈಯಲ್ಲಿ ಬಿಚ್ಚುವಂತೆ ಮಾಡಿರುತ್ತಿದ್ದರು. ಆದರೆ ಬಿಸಾಡಿದವನು ಏರಿದಂತೆ ಗುಳ್ಳೆಗಳು ಮತ್ತೆ ಉಬ್ಬುತ್ತವೆ, ವೇಗ ಏರುತ್ತಲೇ ಹೋಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಹಿಡಿದರೂ ಕಷ್ಟ, ಬಿಟ್ಟರೂ ಕಷ್ಟ.

1961ರಲ್ಲಿ ಫ್ರಾನ್ಸಿನ ಮೋರಿಸ್ ಫೆನ್ಜಿ ಕೊರಳಿಗೆ ಹಾಕುವ ಗಾಳಿಚೀಲ ತಂದರು. ಅದನ್ನು ಉಬ್ಬಿಸಲು ಜೊತೆಗೇ ಒಂದು ಪುಟ್ಟ ಸಿಲಿಂಡರ್. ಫ್ಲೋರಿಡಾದ ನೀರುಗುಹೆಗಳಲ್ಲಿ ಮುಳುಗುತ್ತಿದ್ದ ಕೆಲವರಂತೂ ಬಟ್ಟೆ ಬಿಳಿಮಾಡುವ ದ್ರಾವಣದ ಖಾಲಿ ಪ್ಲಾಸ್ಟಿಕ್ ಡಬ್ಬಕ್ಕೇ ಗಾಳಿ ತುಂಬಿ ಬಳಸಿದರು. ನಮ್ಮ ಬಾವಿಯ ಕ್ಯಾನಿನ ಬಂಧು! ತೋಳು ತೂರಿಸಿ ತೊಡುವ ಜಾಕೆಟ್ ಬಂದದ್ದು 1970ರ ದಶಕದಲ್ಲಿ.

ಹಳಬರದ್ದೇ ನಿಜವಾದ ವಿದ್ಯೆ, ಈಗಿನವರದ್ದು ಗುಂಡಿ ಒತ್ತುವ ಆಟ ಅನ್ನುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕುಸ್ತೊ, ದ್ಯುಮಾ ಅಂಥವರು ಹುಟ್ಟಾ ಈಜುಗಾರರು. ಬಾಕಿ ಜನಕ್ಕೂ ಸಮುದ್ರದೊಳಗೆ ದಾರಿ ಮಾಡಿಕೊಟ್ಟದ್ದು ಜಾಕೆಟ್. ಆದರೆ ಜಾಕೆಟ್ ಇದೆಯಲ್ಲ ಎಂದು ಬೇಕಾದ್ದಕ್ಕಿಂತ ಹೆಚ್ಚು ಸೀಸ ಕಟ್ಟಿಕೊಳ್ಳುವ ಚಾಳಿ ಹೊಸಬರಲ್ಲಿದೆ ಎಂಬುದೂ ಸುಳ್ಳಲ್ಲ.

ಹಾಗಾಗಿ ತರಬೇತಿಯಲ್ಲಿ ಹಳೆಯ ಪಾಠ ಇನ್ನೂ ಉಳಿದಿದೆ. ಕಲಿಯುವವರನ್ನು ನೀರಿನ ತಳದಲ್ಲಿ ಬೋರಲು ಮಲಗಿಸುತ್ತಾರೆ. ಜಾಕೆಟ್ಟಿಗೆ ಸ್ವಲ್ಪವೇ ಗಾಳಿ ತುಂಬಿಸಿ ಕೈ ತೆಗೆಸುತ್ತಾರೆ. ಫಿನ್ನಿನ ತುದಿ ನೆಲದಲ್ಲೇ ಇರುತ್ತದೆ. ಉಸಿರೆಳೆದಾಗ ಎದೆ ಮೆಲ್ಲಗೆ ಮೇಲೇಳುತ್ತದೆ, ಬಿಟ್ಟಾಗ ಇಳಿಯುತ್ತದೆ.