ಸುತ್ತಿನ ಓಟ

ಸೈಕಲ್ ಪಂದ್ಯವೆಂದರೆ ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದೆಂದೇ ನಾನು ಬಹುಕಾಲ ತಿಳಿದಿದ್ದೆ. ಹೊರಟಲ್ಲಿಗೇ ಮತ್ತೆ ಮತ್ತೆ ಬರುವ ಓಟವೊಂದಿದೆ, ಅದಕ್ಕೆ ಕ್ರೈಟೀರಿಯಂ ಎಂದು ಹೆಸರು ಎಂಬುದು ಗೊತ್ತಾದದ್ದು ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಒಂದೆರಡು ಕಿಲೋಮೀಟರಿನ ರಸ್ತೆಯನ್ನು ವಾಹನಗಳಿಗೆ ಮುಚ್ಚಿ, ಅದರಲ್ಲೇ ಅರ್ಧ ಗಂಟೆಯೋ ಒಂದು ಗಂಟೆಯೋ ಸುತ್ತುತ್ತಾರೆ. ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಮುಂದಿನವರು ಒಂದು ಸುತ್ತು ಹೆಚ್ಚಾಗಿ ಹಾಕಿ ಬಂದು ಹಿಂದಿನವನನ್ನು ಮುಟ್ಟಿದರೆ, ಸಾಮಾನ್ಯವಾಗಿ ಅವನು ಇಳಿದು ಬದಿಗೆ ಸರಿಯಬೇಕು. ಗ್ರೀಕ್ ಮೂಲದ ಆ ಶಬ್ದಕ್ಕೆ ನಮ್ಮ ‘ಒರೆಗಲ್ಲು’ ಸಮೀಪದ ಮಾತಾದೀತು.

ಇದರ ಚರಿತ್ರೆ ಸ್ವಾರಸ್ಯವಾದದ್ದು. 1869ರಲ್ಲಿ ಪ್ಯಾರಿಸ್ಸಿನಿಂದ ರುವಾನ್‌ಗೆ 123 ಕಿಲೋಮೀಟರಿನ ಪಂದ್ಯ ನಡೆದಾಗ, ಗೆದ್ದ ಜೇಮ್ಸ್ ಮೂರ್ ಹತ್ತು ಗಂಟೆಗೂ ಮಿಗಿಲಾಗಿ ತುಳಿದನಂತೆ. ದಾರಿಯ ಬದಿಯಲ್ಲಿ ನಿಂತವನಿಗೆ ಮಾತ್ರ ಅಂಥ ಪಂದ್ಯ ಒಂದು ಕ್ಷಣದ ನೋಟ. ಸುತ್ತಿನ ಓಟದಲ್ಲಿ ಹಾಗಲ್ಲ. ನಿಂತಲ್ಲೇ ನಿಂತು ಇಡೀ ಪಂದ್ಯವನ್ನು ನೋಡಬಹುದು. ಟೂರ್ ಡಿ ಫ್ರಾನ್ಸ್ ಮುಗಿದ ಮೇಲೆ ಅದರ ವೀರರು ಬೆಲ್ಜಿಯಂ, ಹಾಲೆಂಡುಗಳ ಸಣ್ಣ ಊರುಗಳಿಗೆ ಬಂದು ಹೀಗೆ ಸುತ್ತುವುದು ರೂಢಿಯಾಯಿತು. ನಮ್ಮ ನಾಟಕ ಕಂಪನಿಗಳು ಊರೂರಿನಲ್ಲಿ ಕ್ಯಾಂಪು ಮಾಡುತ್ತಿದ್ದುವಲ್ಲ, ಹಾಗೆ. ಇಂಗ್ಲೆಂಡಿನಲ್ಲಿ ಕಾರಣ ಬೇರೆ. ಪೊಲೀಸರ ಭಯದಿಂದ ಅಲ್ಲಿಯ ಸೈಕಲ್ ಸಂಸ್ಥೆಯೇ ಸಾರ್ವಜನಿಕ ರಸ್ತೆಯಲ್ಲಿ ಗುಂಪಾಗಿ ಓಡುವುದನ್ನು ನಿಷೇಧಿಸಿತ್ತು. ಆದ್ದರಿಂದ 1930ರ ದಶಕದಲ್ಲಿ ಬ್ರೂಕ್‌ಲ್ಯಾಂಡ್ಸಿನಂಥ ಮೋಟಾರು ಪಂದ್ಯದ ಆವರಣಗಳೇ ಅವರಿಗೆ ಗತಿಯಾದುವು. 1942ರಲ್ಲಿ ಪರ್ಸಿ ಸ್ಟಾಲಾರ್ಡ್ ಎಂಬಾತ ಆ ನಿಷೇಧವನ್ನು ಮುರಿದು ಊರಿಂದೂರಿಗೆ ಓಟ ನಡೆಸಿ ಸಂಸ್ಥೆಯ ಕೋಪಕ್ಕೆ ಗುರಿಯಾದ.

ಸುತ್ತುವ ಸೈಕಲ್ಲು ನಮಗೂ ಅಪರಿಚಿತವಲ್ಲ. ಊರ ಮೈದಾನದಲ್ಲಿ ಏಳು ದಿನ ಏಳು ರಾತ್ರಿ ಕಾಲು ನೆಲಕ್ಕೂರದೆ ಸೈಕಲ್ ತುಳಿಯುತ್ತಿದ್ದವನನ್ನು ನಿಮ್ಮಲ್ಲಿ ಹಲವರು ನೋಡಿರಬೇಕು. ಸ್ನಾನ, ಊಟ, ಕ್ಷೌರ ಎಲ್ಲವೂ ಅದರ ಮೇಲೆಯೇ. ಮೈಕಿನಲ್ಲಿ ಸಿನಿಮಾ ಹಾಡು. ಅಂಗಿಗೆ ಸಿಕ್ಕಿಸಿದ ನೋಟುಗಳು. ಅವನಿಗೆ ಪ್ರತಿಸ್ಪರ್ಧಿ ಇರಲಿಲ್ಲ, ನಿದ್ರೆಯೊಂದನ್ನು ಬಿಟ್ಟರೆ.

ನನ್ನ ಮನೆ ಇರುವುದು ರಿಚರ್ಡ್ಸ್ ಟೌನಿನಲ್ಲಿ. 1898ರ ಪ್ಲೇಗಿನ ಹಾವಳಿಯ ತರುವಾಯ ದಂಡು ಪ್ರದೇಶದಲ್ಲಿ ಗಾಳಿ ಬೆಳಕು ನೋಡಿ ಹೊಸ ಬಡಾವಣೆಗಳನ್ನು ಕಟ್ಟಿದ ಕಾಲದ ನೆನಪು ಇಲ್ಲಿಯ ನೇರ ಬೀದಿಗಳಲ್ಲಿ ಇನ್ನೂ ಇದೆ. ಬೆಳಗಿನ ಐದು ಗಂಟೆಗೆ ಹಾಲಿನವನೂ ನಾನೂ ಮಾತ್ರ ಇರುವಾಗ ರಿಚರ್ಡ್ಸ್ ಪಾರ್ಕನ್ನು ಸುತ್ತಿ ಸುತ್ತಿ ನನ್ನ ಅಭ್ಯಾಸ ನಡೆಯಿತು. ಇದೇ ಬೀದಿಗಳಿಂದ ನನ್ನ ತಂದೆ 1962ರಿಂದ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಗೆ ಹರ್ಕ್ಯುಲಿಸ್ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. 1991ರಲ್ಲಿ ನನ್ನ ಕಾಲೇಜು ಪುಸ್ತಕಗಳಿಗೆ ಹಣ ಸಾಲದೆ ಅದನ್ನು ಮಾರಿದರು. ಮರುದಿನದಿಂದ ಬಸ್ಸು. ನಾನು ಓಟದ ಸೈಕಲ್ ಕೊಂಡಾಗ ಅದರ ಬೆಲೆಯನ್ನು ಅವರಿಗೆ ಹೇಳಲಿಲ್ಲ, ಈಗಲೂ ಹೇಳಿಲ್ಲ.

ಬೆಂಗಳೂರಿನ ಹವ್ಯಾಸಿಗಳ ಪಂದ್ಯಗಳಿಗೆ ಬಹಳ ಹಿಂದಿನ ಇತಿಹಾಸವೇನೂ ಇಲ್ಲ. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಬಲಿತವು. ಈ ಊರಿನಲ್ಲಿ ನೆಲೆಸಿ ಪಳಗಿದ ನವೀನ್ ಜಾನ್ 2014ರಲ್ಲಿ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದರು. ಅದಕ್ಕೂ ಬಹು ಮೊದಲಿನಿಂದ ಬಿಜಾಪುರ, ಬಾಗಲಕೋಟೆ ಸೀಮೆಯ ಹುಡುಗರು ರಾಷ್ಟ್ರಮಟ್ಟದ ಪದಕಗಳನ್ನು ತರುತ್ತಿದ್ದರು ಎಂಬುದನ್ನು ರಾಜಧಾನಿಯವರಾದ ನಾವು ಮರೆಯುವುದುಂಟು. ಅವರಿಗೆ ಅದು ಹವ್ಯಾಸವಲ್ಲ, ರೈಲ್ವೆಯಲ್ಲೋ ಸೈನ್ಯದಲ್ಲೋ ನೌಕರಿಯ ದಾರಿ.

ಆ ಭಾನುವಾರ ಊರಾಚೆಯ ಬಡಾವಣೆಯೊಂದರಲ್ಲಿ ನನಗೆ ಎರಡು ಓಟಗಳಿದ್ದುವು: ಬೆಳಗ್ಗೆ ಹೊಸಬರದು, ಆಮೇಲೆ ನಲವತ್ತು ದಾಟಿದವರದು. ಮೊದಲನೆಯದರಲ್ಲಿ ನಾನು ಸಂಕೋಚದಿಂದ ಗುಂಪಿನ ಹಿಂದೆ ನಿಂತೆ. ಅದೇ ತಪ್ಪಾಯಿತು. ತಿರುವಿನಲ್ಲಿ ಮುಂದಿನವರು ಚೂರು ನಿಧಾನಿಸಿದರೆ ಹಿಂದಿನವನು ಪೂರ್ತಿ ಬ್ರೇಕು ಹಿಡಿಯಬೇಕಾಗುತ್ತದೆ. ಅವರು ತಿರುವು ದಾಟಿ ತುಳಿಯತೊಡಗಿದಾಗ ಇವನು ಪ್ರಾಣ ಬಿಟ್ಟು ತುಳಿಯಬೇಕು. ಪ್ರತಿ ಸುತ್ತಿಗೆ ನಾಲ್ಕು ತಿರುವು. ಮುಂದಿನವನ ಗಾಳಿಮರೆ ಒಂದು ಸಲ ತಪ್ಪಿತೋ, ಮತ್ತೆ ಸಿಕ್ಕದು. “ಅಂಕಲ್, ಒಳಗೆ ಬನ್ನಿ” ಎಂದು ಕಾಲೇಜು ಹುಡುಗನೊಬ್ಬ ಕೂಗಿ ಜಾಗ ಬಿಟ್ಟ. ಆ ಹತ್ತು ಅಡಿಯನ್ನು ತುಂಬಲು ನನ್ನಿಂದಾಗಲಿಲ್ಲ. ಏಳನೆಯ ಸುತ್ತಿನಲ್ಲಿ ಕೆಂಪು ಬಾವುಟ ನನ್ನ ಕಡೆಗೆ ಬೀಸಿತು. ಇಳಿದು, ಹೊಂಗೆಯ ನೆರಳಿನಲ್ಲಿ ನಿಂತು, ಉಳಿದವರಿಗೆ ಗಂಟೆ ಬಾರಿಸಿದ್ದನ್ನು ಕೇಳಿದೆ. ನಲವತ್ತೊಂಬತ್ತರ ಗಂಡಸು ಅಳುವಂಥ ವಿಷಯವಲ್ಲ. ಆದರೂ ಕಣ್ಣು ಒರೆಸಿಕೊಂಡೆ, ಬೆವರೆಂದು ತೋರುವಂತೆ.

ಎರಡನೆಯ ಓಟಕ್ಕೆ ನನಗೆ ಒಂದೇ ಆಸೆ: ಆ ಗಂಟೆ ನನಗಾಗಿಯೂ ಬಾರಿಸಬೇಕು. ಮೊದಲ ಸಾಲಿನಲ್ಲಿ ನಿಂತೆ. ತಿರುವಿನಲ್ಲಿ ಒಳಗಿನ ಪೆಡಲನ್ನು ಮೇಲಕ್ಕೆತ್ತಿ, ಮುಂದಿನವನ ಚಕ್ರದ ಬದಲು ಅವನ ಭುಜದಾಚೆಗೆ ದೃಷ್ಟಿ ನೆಟ್ಟೆ. ಬಿಸಿಲೇರಿ ಟಾರು ಮಿನುಗುತ್ತಿತ್ತು. ಎಷ್ಟು ಸುತ್ತಾಯಿತೋ ಲೆಕ್ಕ ತಪ್ಪಿತು. ಹನ್ನೊಂದನೆಯವನಾಗಿ ಗೆರೆ ದಾಟುತ್ತಿರುವಾಗ ಯಾರೋ ಗಂಟೆಯನ್ನು ಬಡಿದರು. ಮುಂದಿನ ಸುತ್ತಿನಲ್ಲಿ ನಾಲ್ವರು ನನ್ನನ್ನು ಹಿಂದೆ ಹಾಕಿದರು, ಅದಿರಲಿ.

ಸಂಜೆ ತಂದೆ ಜಗಲಿಯಲ್ಲಿ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು.

“ಎಷ್ಟು ದೂರ ಹೋಗಿದ್ದೆ?”

“ಎಲ್ಲಿಗೂ ಇಲ್ಲ ಅಪ್ಪ. ಅಲ್ಲಲ್ಲೇ ಸುತ್ತುವುದು.”

ಅವರು ದೀಪ ಹುಡುಕಿದರು, ಸ್ಟ್ಯಾಂಡು ಹುಡುಕಿದರು, ಕ್ಯಾರಿಯರ್ ಹುಡುಕಿದರು. ಕೊನೆಗೆ ಹ್ಯಾಂಡಲನ್ನು ಸವರಿ, “ಬೆಲ್ಲೂ ಇಲ್ಲವೇನೋ?” ಎಂದರು.

“ಅದನ್ನು ಅವರೇ ಬಾರಿಸುತ್ತಾರೆ” ಎಂದೆ.