ಚಳಿಗಾಲದಲ್ಲಿ ನವಜಾತ ಶಿಶುವಿನ ಕೋಣೆಯನ್ನು ಸುರಕ್ಷಿತವಾಗಿ ಬೆಚ್ಚಗಿಡುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಬೀದರ್, ಕಲಬುರಗಿ, ವಿಜಯಪುರ ಮುಂತಾದ ಉತ್ತರದ ಜಿಲ್ಲೆಗಳಲ್ಲಿಯೂ, ಕೊಡಗು ಹಾಗೂ ಚಿಕ್ಕಮಗಳೂರಿನ ಮಲೆನಾಡು ಪ್ರದೇಶಗಳಲ್ಲಿಯೂ ರಾತ್ರಿಯ ಚಳಿ ತೀವ್ರವಾಗಿರುತ್ತದೆ. ಈ ಅವಧಿಯಲ್ಲಿ ಬಾಣಂತಿ ಮತ್ತು ಶಿಶುವಿನ ಕೋಣೆಯನ್ನು ಬೆಚ್ಚಗಿಡುವುದು ಅವಶ್ಯಕ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಇಡುವುದು ತಾಯಿ ಮತ್ತು ಮಗು ಇಬ್ಬರ ಪ್ರಾಣಕ್ಕೂ ಅಪಾಯಕಾರಿಯಾಗಿರುತ್ತದೆ. ಈ ಬಗ್ಗೆ ಪೋಷಕರು ಹಾಗೂ ಮನೆಯ ಹಿರಿಯರು ಅರಿತಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ಶಿಶುವಿಗೆ ಉಷ್ಣತೆ ಏಕೆ ಅವಶ್ಯಕ

ನವಜಾತ ಶಿಶುವಿನ ದೇಹದ ಸಹಜ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. ತೂಕಕ್ಕೆ ಹೋಲಿಸಿದಾಗ ಶಿಶುವಿನ ಚರ್ಮದ ವಿಸ್ತೀರ್ಣ ಹೆಚ್ಚು, ತಲೆಯೂ ದೊಡ್ಡದು. ಆದುದರಿಂದ ದೇಹದ ಶಾಖವು ಬೇಗನೆ ಹೊರಹೋಗುತ್ತದೆ. ವಯಸ್ಕರಂತೆ ನಡುಗಿ ಶಾಖವನ್ನು ಉತ್ಪಾದಿಸಿಕೊಳ್ಳುವ ಸಾಮರ್ಥ್ಯವೂ ಶಿಶುವಿಗೆ ಇರುವುದಿಲ್ಲ. ಅವಧಿಗೆ ಮುನ್ನ ಜನಿಸಿದ ಹಾಗೂ 2.5 ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ನವಜಾತ ಶಿಶು ಇರುವ ಕೋಣೆಯ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವುದು ಸೂಕ್ತ.

2. ಕೆಂಡ ಮತ್ತು ಹೊಗೆಯ ಅಪಾಯ

ಇದ್ದಿಲು, ಸೌದೆ ಅಥವಾ ಬೆರಣಿ ಪೂರ್ಣವಾಗಿ ಉರಿಯದಿದ್ದಾಗ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಇದು ರಕ್ತದಲ್ಲಿ ಸೇರಿ ಆಮ್ಲಜನಕದ ಸಾಗಣೆಯನ್ನು ತಡೆಯುತ್ತದೆ. ಹೊಗೆ ನಿಂತು ಕೆಂಪಗಾದ ಕೆಂಡವು ನಿರಪಾಯಕಾರಿ ಎಂಬ ನಂಬಿಕೆ ತಪ್ಪು. ಅಂತಹ ಕೆಂಡದಿಂದಲೂ ಈ ಅನಿಲ ಹೊರಬರುತ್ತದೆ. ಹೊರಗೆ ಹೊತ್ತಿಸಿ ಕೆಂಡವಾದ ನಂತರ ಒಳಗೆ ತಂದರೂ ಅಪಾಯ ತಪ್ಪುವುದಿಲ್ಲ. ನಿದ್ರೆಯಲ್ಲಿರುವವರಿಗೆ ಇದರ ಸುಳಿವು ತಿಳಿಯದೆ ಪ್ರಜ್ಞೆ ತಪ್ಪಿ ಮರಣ ಸಂಭವಿಸಬಹುದು.

ಆದ್ದರಿಂದ ಈ ಕೆಳಗಿನವುಗಳನ್ನು ಕಡ್ಡಾಯವಾಗಿ ವರ್ಜಿಸತಕ್ಕದ್ದು:

ಅ) ಮಲಗುವ ಕೋಣೆಯಲ್ಲಿ ಅಥವಾ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು.
ಆ) ಸ್ನಾನದ ನಂತರ ಮಗುವಿಗೆ ಸಾಂಬ್ರಾಣಿ ಅಥವಾ ಲೋಬಾನದ ಹೊಗೆ ಹಿಡಿಯುವುದು. ಹೊಗೆಯು ಶಿಶುವಿನ ಉಸಿರಾಟಕ್ಕೆ ಹಾನಿಕರ.
ಇ) ಗ್ಯಾಸ್ ಗೀಸರ್ ಉರಿಯುತ್ತಿರುವ, ಗಾಳಿಯಾಡದ ಸ್ನಾನಗೃಹದಲ್ಲಿ ಮಗುವಿಗೆ ಸ್ನಾನ ಮಾಡಿಸುವುದು. ನೀರನ್ನು ತುಂಬಿಕೊಂಡು ಬೇರೆ ಕೋಣೆಯಲ್ಲಿ ಸ್ನಾನ ಮಾಡಿಸಬಹುದು.

ಕೋಣೆಯಲ್ಲಿರುವವರಿಗೆ ತಲೆನೋವು, ತಲೆಸುತ್ತು ಅಥವಾ ವಾಕರಿಕೆ ಕಂಡುಬಂದರೆ, ಅಥವಾ ಮಗು ಮಂಕಾಗಿ ಹಾಲು ಕುಡಿಯದಿದ್ದರೆ, ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ತಂದು, ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.

3. ಕೋಣೆಯನ್ನು ಬೆಚ್ಚಗಿಡುವ ಸುರಕ್ಷಿತ ಕ್ರಮಗಳು

ಅ) ಹಗಲು ಬಿಸಿಲು ಬೀಳುವ ಕೋಣೆಯನ್ನು ಆರಿಸಿಕೊಳ್ಳುವುದು. ಹಾಸಿಗೆ, ಕೌದಿ, ಕಂಬಳಿಗಳನ್ನು ಬಿಸಿಲಿಗೆ ಹಾಕಿ, ಸಂಜೆಯ ಮೊದಲೇ ಒಳಗೆ ತರುವುದು.
ಆ) ಬಾಗಿಲು ಮತ್ತು ಕಿಟಕಿಯ ಸಂದುಗಳಿಂದ ಗಾಳಿ ನೇರವಾಗಿ ಮಗುವಿಗೆ ಬೀಸದಂತೆ ಪರದೆ ಹಾಕುವುದು. ಆದರೆ ಗಾಳಿಯಾಡಲು ಎತ್ತರದಲ್ಲಿರುವ ಗವಾಕ್ಷಿಯನ್ನು ಮುಚ್ಚಬಾರದು.
ಇ) ಮಗುವನ್ನು ಹೊರಗೋಡೆ ಹಾಗೂ ಬರಿಯ ಕಲ್ಲುನೆಲದಿಂದ ದೂರ ಮಲಗಿಸುವುದು.
ಈ) ವಿದ್ಯುತ್ ಹೀಟರ್ ಬಳಸುವುದಾದರೆ ಹಾಸಿಗೆ ಮತ್ತು ಪರದೆಗಳಿಂದ ಕನಿಷ್ಠ 1 ಮೀಟರ್ ದೂರವಿರಿಸಿ, ನೇರವಾಗಿ ಗೋಡೆಯ ಪ್ಲಗ್‌ಗೆ ಜೋಡಿಸುವುದು. ಮಲಗುವ ಮೊದಲೇ ಕೋಣೆಯನ್ನು ಬೆಚ್ಚಗೆ ಮಾಡಿಕೊಂಡು, ಮಲಗುವಾಗ ಆರಿಸತಕ್ಕದ್ದು. ಹೀಟರ್ ಮೇಲೆ ಬಟ್ಟೆ ಒಣಹಾಕಬಾರದು.
ಉ) ಬಿಸಿನೀರಿನ ಚೀಲದಿಂದ ಹಾಸಿಗೆಯನ್ನು ಬೆಚ್ಚಗೆ ಮಾಡಬಹುದು. ಮಗುವನ್ನು ಮಲಗಿಸುವ ಮುನ್ನ ಚೀಲವನ್ನು ತೆಗೆಯತಕ್ಕದ್ದು. ಇಲ್ಲವಾದಲ್ಲಿ ಸುಟ್ಟಗಾಯವಾಗುವ ಸಂಭವವಿದೆ.

4. ಶಿಶುವನ್ನು ಬೆಚ್ಚಗಿಡುವ ವಿಧಾನ

ಶಿಶುವಿಗೆ ಅತ್ಯಂತ ಸುರಕ್ಷಿತವಾದ ಶಾಖವೆಂದರೆ ತಾಯಿಯ ಮೈಶಾಖ. ಡಯಾಪರ್, ಕುಲಾವಿ ಮತ್ತು ಕಾಲುಚೀಲ ಮಾತ್ರ ತೊಡಿಸಿದ ಶಿಶುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಒರಗಿಸಿ, ಮೇಲೆ ಬಟ್ಟೆ ಹೊದಿಸುವ ಕ್ರಮಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ತಾಯಿಗೆ ವಿಶ್ರಾಂತಿ ಬೇಕಾದಾಗ ತಂದೆ ಅಥವಾ ಮನೆಯ ಇತರ ಆರೋಗ್ಯವಂತ ಸದಸ್ಯರೂ ಇದನ್ನು ಮಾಡಬಹುದು. ಪದೇ ಪದೇ ಎದೆಹಾಲುಣಿಸುವುದರಿಂದಲೂ ಮಗುವಿಗೆ ಶಕ್ತಿ ಮತ್ತು ಶಾಖ ದೊರೆಯುತ್ತವೆ. ಜನನದ ನಂತರ ಮೊದಲ 24 ಗಂಟೆಗಳಲ್ಲಿ ಸ್ನಾನ ಮಾಡಿಸಬಾರದು. ಒದ್ದೆ ಬಟ್ಟೆಗಳನ್ನು ಕೂಡಲೇ ಬದಲಾಯಿಸತಕ್ಕದ್ದು.

ಒಂದು ದಪ್ಪ ರಜಾಯಿಗಿಂತ ತೆಳುವಾದ ಎರಡು ಮೂರು ಪದರದ ಹತ್ತಿ ಬಟ್ಟೆಗಳು ಉತ್ತಮ. ಮಗುವನ್ನು ಅಂಗಾತ ಮಲಗಿಸಬೇಕು. ಹೊದಿಕೆ ಮುಖದ ಮೇಲೆ ಬಾರದಂತೆ ನೋಡಿಕೊಳ್ಳಬೇಕು. ಸುತ್ತಲೂ ದಿಂಬುಗಳನ್ನು ಇಡಬಾರದು.

5. ಪರೀಕ್ಷಿಸುವ ವಿಧಾನ

ಕೈಯ ಹಿಂಬದಿಯಿಂದ ಮಗುವಿನ ಹೊಟ್ಟೆ ಮತ್ತು ಪಾದಗಳನ್ನು ಮುಟ್ಟಿ ನೋಡಬೇಕು.

ಅ) ಎರಡೂ ಬೆಚ್ಚಗಿದ್ದರೆ: ಸಹಜ ಸ್ಥಿತಿ.
ಆ) ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ: ಮಗುವಿಗೆ ಚಳಿಯಾಗುತ್ತಿದೆ. ಕಾಂಗರೂ ಆರೈಕೆ ನೀಡಿ ಹಾಲುಣಿಸಬೇಕು.
ಇ) ಎರಡೂ ತಣ್ಣಗಿದ್ದರೆ: ತುರ್ತು ಸ್ಥಿತಿ. ಕಾಂಗರೂ ಆರೈಕೆಯಲ್ಲಿಯೇ ಆಸ್ಪತ್ರೆಗೆ ಕೊಂಡೊಯ್ಯಬೇಕು. ಬಿಸಿನೀರಿನ ಸ್ನಾನ ಮಾಡಿಸುವುದಾಗಲಿ, ಬೆಂಕಿಯ ಬಳಿ ಹಿಡಿಯುವುದಾಗಲಿ ಕೂಡದು.
ಈ) ಮೈ ಬಿಸಿಯಾಗಿ ಬೆವರುತ್ತಿದ್ದರೆ: ಒಂದು ಪದರ ಹೊದಿಕೆ ತೆಗೆಯಬೇಕು. ಉಷ್ಣತೆ ಇಳಿಯದಿದ್ದಲ್ಲಿ ವೈದ್ಯರನ್ನು ಕಾಣಬೇಕು.

6. ಲಭ್ಯವಿರುವ ಸೇವೆಗಳು

ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಡಿ, ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯರು 3, 7, 14, 21, 28 ಹಾಗೂ 42ನೇ ದಿನಗಳಂದು ಮನೆಗೆ ಭೇಟಿ ನೀಡಿ ಶಿಶುವಿನ ತೂಕ ಮತ್ತು ಉಷ್ಣತೆಯನ್ನು ಪರೀಕ್ಷಿಸುತ್ತಾರೆ. ಮನೆಯಲ್ಲಿ ಹೆರಿಗೆಯಾದಲ್ಲಿ ಮೊದಲ ದಿನವೂ ಭೇಟಿ ಇರುತ್ತದೆ. ಇದಕ್ಕೆ ಶುಲ್ಕವಿಲ್ಲ. ಬಾಣಂತನಕ್ಕೆ ತವರುಮನೆಗೆ ತೆರಳುವವರು ಆ ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಉಪಕೇಂದ್ರದ ಆರೋಗ್ಯ ಸಿಬ್ಬಂದಿಗೆ ಮುಂಚಿತವಾಗಿ ತಿಳಿಸಿ, ತಾಯಿ ಕಾರ್ಡನ್ನು ಜೊತೆಯಲ್ಲಿ ಕೊಂಡೊಯ್ಯತಕ್ಕದ್ದು. ಇಲ್ಲವಾದಲ್ಲಿ ಎರಡೂ ಊರುಗಳಲ್ಲಿ ಭೇಟಿ ತಪ್ಪಿಹೋಗುವ ಸಂಭವವಿರುತ್ತದೆ.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ, ಅನಾರೋಗ್ಯಪೀಡಿತ ಶಿಶುಗಳಿಗೆ ಒಂದು ವರ್ಷದವರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಔಷಧಿ, ಪರೀಕ್ಷೆ ಹಾಗೂ ಸಾರಿಗೆ ಉಚಿತವಾಗಿರುತ್ತವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಿವೆ. 108 ಆಂಬುಲೆನ್ಸ್ ಸೇವೆಯೂ ಉಚಿತ.

ಮನೆಯಲ್ಲಿ ಶಿಶುವಿರುವ ಪ್ರತಿಯೊಂದು ಕುಟುಂಬವೂ ಈ ರಾತ್ರಿಯಿಂದಲೇ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಿಂದ ಹೊರಗಿರಿಸಿ, ಮೇಲ್ಕಂಡ ಕ್ರಮಗಳನ್ನು ಅನುಸರಿಸಬೇಕೆಂದು ಕೋರಲಾಗಿದೆ.