ಕೊಳ್ಳುವುದೋ, ಮಾಡುವುದೋ?

ಸಿ.ಎ. ಓದುವಾಗ ಕಾಸ್ಟಿಂಗ್ ಪತ್ರಿಕೆಯಲ್ಲಿ ನಾವು ಬಿಡಿಸುತ್ತಿದ್ದ ಒಂದು ಲೆಕ್ಕ: ಬೇಕಾದ ವಸ್ತುವನ್ನು ನಾವೇ ತಯಾರಿಸಬೇಕೋ, ಹೊರಗಿನಿಂದ ಕೊಳ್ಳಬೇಕೋ? ಅಮೆರಿಕ ಸರ್ಕಾರ ಇದೇ ಲೆಕ್ಕವನ್ನು ರೈಫಲಿನ ಮೇಲೆ ಬಿಡಿಸಿದ ಊರು ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆ.

ಅಲ್ಲಿನ ಸರ್ಕಾರಿ ಶಸ್ತ್ರ ಕಾರ್ಖಾನೆಯಲ್ಲಿ ಜಾನ್ ಗ್ಯಾರಂಡ್ ರೂಪಿಸಿದ ಎಂ1 ಅರೆ-ಸ್ವಯಂಚಾಲಿತ ರೈಫಲನ್ನು ಸೇನೆ 1936ರಲ್ಲಿ ಒಪ್ಪಿಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅದೊಂದೇ ಕಾರ್ಖಾನೆ 30 ಲಕ್ಷಕ್ಕೂ ಹೆಚ್ಚು ರೈಫಲುಗಳನ್ನು ತಯಾರಿಸಿತು.

1960ರ ದಶಕದಲ್ಲಿ ರಕ್ಷಣಾ ಸಚಿವರಾಗಿದ್ದ ರಾಬರ್ಟ್ ಮೆಕ್‌ನಮಾರ ಹಿಂದೆ ಹಾರ್ವರ್ಡಿನಲ್ಲಿ ಅಕೌಂಟಿಂಗ್ ಕಲಿಸಿದವರು. ಅವರು ಕೊಳ್ಳುವ ಕಡೆಗೆ ವಾಲಿದರು. ಸುಮಾರು 40 ಕಿ.ಮೀ. ದೂರದ ಹಾರ್ಟ್‌ಫರ್ಡಿನ ಕೋಲ್ಟ್ ಕಂಪನಿಯಿಂದ ಎಂ16 ರೈಫಲ್ ಬಂತು. 1968ರಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆ ಮುಚ್ಚಿತು. ಈ ನಡುವೆ ವಿಯೆಟ್ನಾಮಿನಲ್ಲಿ ಹೊಸ ರೈಫಲಿನೊಳಗೆ ಖಾಲಿ ತೋಟಾ ಸಿಕ್ಕಿಕೊಳ್ಳತೊಡಗಿತ್ತು. ಮದ್ದನ್ನು ಬದಲಿಸಿದ್ದರು, ಚೇಂಬರಿಗೆ ಕ್ರೋಮ್ ಲೇಪವಿರಲಿಲ್ಲ, ಶುಚಿ ಮಾಡುವ ಸಲಕರಣೆ ಸಾಕಷ್ಟು ಕೊಟ್ಟಿರಲಿಲ್ಲ. ಸೈನಿಕರು ಪ್ರಾಣ ತೆತ್ತರು. ಕೊಂಡದ್ದೇ ತಪ್ಪೆಂದು ನಾನು ಹೇಳಲಾರೆ. ಆದರೆ ತಯಾರಿಕೆಯನ್ನು ಹೊರಗೆ ಕೊಡಬಹುದು, ಹೊಣೆಯನ್ನಲ್ಲ.

ನಾನೂ ಒಮ್ಮೆ ಇಂಥದೇ ಲೆಕ್ಕ ಹಾಕಿಕೊಟ್ಟು ಒಂದು ತಯಾರಿಕಾ ವಿಭಾಗವನ್ನು ಮುಚ್ಚಿಸಿದವನು. ಅಂಕಿಗಳೆಲ್ಲ ಸರಿಯಾಗಿದ್ದವು. ಇನ್ನು ಮುಂದೆ ಕೊಂಡ ಮಾಲನ್ನು ಪರೀಕ್ಷಿಸಬಲ್ಲವರು ಯಾರು ಉಳಿಯುತ್ತಾರೆ ಎಂದು ಮಾತ್ರ ಕೇಳಿರಲಿಲ್ಲ.